ಉತ್ತರ ಸಿಕ್ಕಿತು, ಲೆಕ್ಕ ಬಂತೇ?

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಅಥವಾ ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಎಷ್ಟು ಕ್ರೇಟು, ಎಷ್ಟು ದರ, ಕಮಿಷನ್ ಎಷ್ಟು, ಕೂಲಿ ಕಳೆದು ಕೈಗೆ ಬರುವುದೆಷ್ಟು ಎಂಬುದನ್ನು ತಂದೆಯ ಜೊತೆ ಬಂದ ಹದಿನೈದರ ಹುಡುಗ ನಿಂತಲ್ಲೇ ಹೇಳಿಬಿಡುತ್ತಾನೆ. ಅದೇ ಹುಡುಗ ಶಾಲೆಯಲ್ಲಿ ಎರಡು ಚರಾಕ್ಷರಗಳ ಸಮೀಕರಣದ ಮುಂದೆ ಕೂತಾಗ ಬೆವರುತ್ತಾನೆ. ಮಂಡಿಯಲ್ಲಿ ತಪ್ಪಿದರೆ ಮನೆಯ ದುಡ್ಡು ಹೋಗುತ್ತದೆ. ಹಾಗಾಗಿ ಅಲ್ಲಿ ಲೆಕ್ಕ ಅವನದು. ಶಾಲೆಯ ಲೆಕ್ಕ ಮಾತ್ರ ಪುಸ್ತಕದ್ದು, ಮೇಷ್ಟ್ರದ್ದು, ಈಚೆಗೆ ಮೊಬೈಲಿನದು.

ಒಂದು ಸಂಜೆ ನೆರೆಮನೆಯ ಹುಡುಗ ತನ್ನ ನೋಟ್‌ಬುಕ್ ತಂದು ತೋರಿಸಿದ. ಹತ್ತನೆಯ ತರಗತಿಯವನು. ಎಲ್ಲ ಲೆಕ್ಕಗಳೂ ಸರಿಯಾಗಿದ್ದವು. ಪ್ರಶ್ನೆಯ ಫೋಟೋ ತೆಗೆದರೆ ಸಾಕು, ಮೊಬೈಲ್ ಸಾಲು ಸಾಲಾಗಿ ಬಿಡಿಸಿ ಕೊಡುತ್ತದೆ. ನಾವು ಮೂರನೆಯ ಸಾಲಿಗೆ ಬೆರಳಿಟ್ಟು, "ಇಲ್ಲಿ ಮೈನಸ್ ಹೋಗಿ ಪ್ಲಸ್ ಹೇಗಾಯಿತಪ್ಪಾ?" ಎಂದು ಕೇಳಿದೆವು. ಅವನು ಸುಮ್ಮನಾದ. ಆಮೇಲೆ, "ಉತ್ತರ ಸರಿಯಾಗಿದೆಯಲ್ಲ ಚಾಚಾ" ಎಂದ.

ಈ ಮಾತು ನಮ್ಮನ್ನು ಬಹಳ ಕಾಡಿತು. ಅವನು ಯಾರದನ್ನೂ ಕದ್ದಿರಲಿಲ್ಲ, ಸುಳ್ಳು ಉತ್ತರ ಬರೆದಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿದೆ?

ಮೊಬೈಲಿನಲ್ಲಂತೂ ಇಲ್ಲ. ನಾವು ಓದುವಾಗ ಒಂದು ಗೈಡ್ ಪುಸ್ತಕ ಹತ್ತು ಮನೆ ಸುತ್ತುತ್ತಿತ್ತು. ಇಂದು ಸರ್ಕಾರದ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ, ಉರ್ದು, ತೆಲುಗು ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಪಾಠದ ಬದಿಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ದೀಕ್ಷಾದ ಪಾಠ ತೆರೆದುಕೊಳ್ಳುತ್ತದೆ. ಖಾನ್ ಅಕಾಡೆಮಿಯ ಪಾಠಗಳು ಕನ್ನಡದಲ್ಲೂ ಇವೆ. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮುಳಬಾಗಿಲಿನ ಮಗುವಿಗೆ ಇದು ಸಣ್ಣ ವರವಲ್ಲ. "ಮೊಬೈಲ್ ಮಕ್ಕಳನ್ನು ಕೆಡಿಸಿತು" ಎಂದುಬಿಟ್ಟರೆ ಹಿರಿಯರ ಕೆಲಸ ಸುಲಭವಾಗುತ್ತದೆ, ಅಷ್ಟೇ.

ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯನ್ನು ಇಲ್ಲಿ ನೆನೆಯಬೇಕು. ಅವನ ಗ್ರಂಥದ 'ಅಲ್ ಜಬ್ರ್' ಎಂಬ ಪದದಿಂದಲೇ ಆಲ್ಜೀಬ್ರಾ ಬಂತು. ಅವನ ಹೆಸರಿನಿಂದಲೇ ಅಲ್ಗಾರಿದಮ್ ಬಂತು. ಇಂದು ಮೊಬೈಲ್ ಲೆಕ್ಕ ಬಿಡಿಸುವುದೂ ಅಲ್ಗಾರಿದಮ್‌ನಿಂದಲೇ. ಆಸ್ತಿಯ ಪಾಲು, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು ಇಂಥ ಕೆಲಸಗಳಿಗಾಗಿ ಅವನು ಆ ಗ್ರಂಥ ಬರೆದ. ಅದೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ.

ಖ್ವಾರಿಜ್ಮಿಯ ಪ್ರಸಿದ್ಧ ಲೆಕ್ಕವೊಂದಿದೆ. ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯ 10ರಷ್ಟನ್ನು ಕೂಡಿದರೆ 39. ಸಂಖ್ಯೆ ಯಾವುದು? 10ರ ಅರ್ಧ 5, ಅದರ ವರ್ಗ 25, ಅದನ್ನು 39ಕ್ಕೆ ಕೂಡಿದರೆ 64, ಅದರ ವರ್ಗಮೂಲ 8, ಅದರಲ್ಲಿ 5 ಕಳೆದರೆ 3. ಹೀಗೇಕೆ ಎಂಬುದನ್ನು ಅವನು ಚೌಕದ ಚಿತ್ರ ಬರೆದು ತೋರಿಸಿದ. ಬರೀ 3 ಎಂದು ಹೇಳಿದ್ದರೆ ಯಾರು ನೆನಪಿಡುತ್ತಿದ್ದರು? ಸಾವಿರದ ಇನ್ನೂರು ವರ್ಷ ಉಳಿದು ಬಂದದ್ದು ಉತ್ತರವಲ್ಲ, ದಾರಿ.

ಉರ್ದುವಿನಲ್ಲಿ 'ಹಿಸಾಬ್' ಎಂದರೆ ಲೆಕ್ಕವೂ ಹೌದು, ಕಡೆಯ ದಿನ ಒಪ್ಪಿಸಬೇಕಾದ ಲೆಕ್ಕವೂ ಹೌದು. ಕನ್ನಡದಲ್ಲೂ ನಾವು 'ಲೆಕ್ಕ ಒಪ್ಪಿಸು' ಎನ್ನುತ್ತೇವೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಶೇಕಡಾ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಅದಕ್ಕೆಲ್ಲ ಕ್ಯಾಮೆರಾ ಒಂದೇ ಕಾರಣವೆನ್ನಲಾಗದು. ಆದರೆ ಮನೆಯಲ್ಲಿ ನೋಟ್‌ಬುಕ್ ತೆರೆದಾಗ ಯಾವ ಕ್ಯಾಮೆರಾವೂ ಇರುವುದಿಲ್ಲ; ಇರುವುದು ಮನಸ್ಸಾಕ್ಷಿ ಮಾತ್ರ.

ಮೊಬೈಲ್ ಕೊಟ್ಟ ಉತ್ತರ ಕಡ ತಂದ ಹಣದಂತೆ. ಕಡ ತರುವುದು ಪಾಪವಲ್ಲ. ತೀರಿಸದೆ ತನ್ನದೆನ್ನುವುದು ತಪ್ಪು. ತೀರಿಸುವ ವಿಧಾನವೂ ಕಷ್ಟದ್ದಲ್ಲ. ಮೊದಲು ಕಾಲು ಗಂಟೆ ತಾನೇ ಹೆಣಗಬೇಕು. ಆಗದಿದ್ದರೆ ನೋಡಬೇಕು. ನೋಡಿದ ಮೇಲೆ ಮೊಬೈಲ್ ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ ಬಿಡಿಸಬೇಕು. ಮರುದಿನ ಮತ್ತೊಮ್ಮೆ ಬಿಡಿಸಬೇಕು, ತಮ್ಮನಿಗೋ ತಂಗಿಗೋ ವಿವರಿಸಬೇಕು. ಎಲ್ಲಿ ತಪ್ಪಿತೆಂಬುದನ್ನು ಬೇರೆ ಪುಟದಲ್ಲಿ ಬರೆದಿಡಬೇಕು.

ಆದರೆ ಹಿಸಾಬು ಮಕ್ಕಳೊಬ್ಬರದೇ ಅಲ್ಲ. ಮಾಲೂರಿನ ಇಟ್ಟಿಗೆ ಗೂಡಿಗೆ ದುಡಿಯಲು ಹೋದ ತಂದೆಯ ಜೊತೆ ಮನೆಯ ಒಂದೇ ಮೊಬೈಲೂ ಹೋಗುತ್ತದೆ. ರಾತ್ರಿ ಅದು ಮರಳಿದಾಗ ಮಗನ ಕೈ ಸೇರುತ್ತದೆ. ಮಗಳು ಕೇಳಿದರೆ, "ಹೆಣ್ಣುಮಕ್ಕಳಿಗೆ ಮೊಬೈಲ್ ಯಾಕೆ?" ಎಂಬ ಉತ್ತರ. ಇಲ್ಮ್ ಗಂಡಿಗೂ ಹೆಣ್ಣಿಗೂ ಕಡ್ಡಾಯವೆಂದು ವೇದಿಕೆಯಲ್ಲಿ ಹೇಳುವ ನಾವು, ಮನೆಯಲ್ಲಿ ಅರ್ಧ ಗಂಟೆಯ ಪಾಠವನ್ನೂ ಅವಳಿಗೆ ಕೊಡುವುದಿಲ್ಲ. ನಕಲು ಮಾಡಿದ ಮಗ ತನ್ನ ಲೆಕ್ಕ ಒಪ್ಪಿಸಲಿ. ಅವಳಿಗೆ ಕೊಡದ ಆ ಅರ್ಧ ಗಂಟೆಯ ಲೆಕ್ಕ ಒಪ್ಪಿಸಬೇಕಾದವರು ನಾವು.

ಎರಡು ದಿನ ಬಿಟ್ಟು ಆ ಹುಡುಗ ಮತ್ತೆ ಬಂದ. ಅದೇ ಲೆಕ್ಕವನ್ನು ತಾನೇ ಮಾಡಿದ್ದ. ಈ ಸಲ ಉತ್ತರ ತಪ್ಪಾಗಿತ್ತು. ನಾವು ಏನೂ ಹೇಳದೆ ಹಾಳೆಯನ್ನು ಅವನ ಕಡೆಗೇ ಸರಿಸಿದೆವು. ಅವನು ಮೂರನೆಯ ಸಾಲಿನವರೆಗೆ ಬೆರಳಾಡಿಸಿ, "ಚಾಚಾ, ಚಿಹ್ನೆ ಬದಲಿಸುವುದನ್ನೇ ಮರೆತಿದ್ದೇನೆ" ಎಂದ. ಅಂದು ಅವನಿಗೆ ಒಂದು ಲೆಕ್ಕ ಬಂತು.