ಅಧಿಕಾರದ ಮಿತಿಯೂ ಕಳೆದ ವರ್ಷಗಳ ಲೆಕ್ಕವೂ

ಅಂಬಾಜಿದುರ್ಗದ ಸುತ್ತಣ ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯು ಜೀವನದಿಯಿಲ್ಲದ ಸೀಮೆ. ಇಲ್ಲಿನ ಬೇಸಾಯವು ತಲೆತಲಾಂತರದಿಂದ ಕೆರೆಯನ್ನು ನಂಬಿ ಬಾಳಿದುದು. ಕೆರೆಯ ನೀರನ್ನು ಗದ್ದೆಗದ್ದೆಗೂ ಸರದಿಯಂತೆ ಹಂಚುವ ಹೊಣೆ ನೀರುಗಂಟಿಯದು. ತೂಬನ್ನು ತೆರೆಯುವ ಅಧಿಕಾರ ಅವನಿಗಿದ್ದರೂ ನೀರು ಅವನದಲ್ಲ, ಊರಿನದು. ಜನರಿಂದ ಆಯ್ಕೆಗೊಂಡವನ ಅಧಿಕಾರವೂ ಇಂತಹುದೇ ಆಗಿದೆ.

ಒಬ್ಬನು ಎಷ್ಟು ಕಾಲ ಪದವಿಯಲ್ಲಿರಬಹುದೆಂದು ಹೊಸದಾಗಿ ಮಿತಿಯನ್ನು ಗೊತ್ತುಮಾಡಿದಾಗ, ಆ ನಿಯಮ ಹುಟ್ಟುವುದಕ್ಕೆ ಮುನ್ನ ಅವನು ಕಳೆದ ವರ್ಷಗಳನ್ನು ಎಣಿಸಬೇಕೆ, ಬಿಡಬೇಕೆ? ಇದು ವಿಚಾರಾರ್ಹವಾದ ಪ್ರಶ್ನೆ.

ನಮ್ಮ ಸಂವಿಧಾನವು ಶಾಸಕರಿಗಾಗಲಿ ಸಂಸದರಿಗಾಗಲಿ ಇಂತಹ ಮಿತಿಯನ್ನು ವಿಧಿಸಿಲ್ಲ. ಗೌರಿಬಿದನೂರಿನ ಮತದಾರರು 1999ರಿಂದ 2018ರವರೆಗಿನ ಐದು ಚುನಾವಣೆಗಳಲ್ಲಿ ಎನ್. ಎಚ್. ಶಿವಶಂಕರ ರೆಡ್ಡಿಯವರನ್ನೇ ಆರಿಸಿದರು. 2023ರಲ್ಲಿ ಬೇರೊಬ್ಬರನ್ನು ಆರಿಸಿದರು. ಅಲ್ಲಿ ಮಿತಿಯನ್ನು ಕಂಡುಕೊಂಡವರು ಮತದಾರರೇ.

ಆದರೆ ಕ್ರಿಕೆಟ್ ಸಂಸ್ಥೆಗಳ ವಿಷಯದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮುಂದೆಯೇ ನಿಂತಿತು. ನ್ಯಾಯಮೂರ್ತಿ ಲೋಧಾ ಸಮಿತಿಯ ಸಲಹೆಗಳನ್ನು ಸರ್ವೋಚ್ಚ ನ್ಯಾಯಾಲಯವು 2016ರ ಜುಲೈ 18ರಂದು ಬಹುಮಟ್ಟಿಗೆ ಅಂಗೀಕರಿಸಿತು. ಪದಾಧಿಕಾರಿಗೆ ಒಟ್ಟು 9 ವರ್ಷಗಳೆಂಬ ಮಿತಿ ಬಂದಿತು. ಕರ್ನಾಟಕದ ಸಂಸ್ಥೆಯೂ ಸೇರಿದಂತೆ ರಾಜ್ಯ ಸಂಸ್ಥೆಗಳಿಗೂ ಅದು ಅನ್ವಯಿಸಿತು. ಸುಧಾರಣೆಗಳು ಜಾರಿಗೆ ಬಾರದೆ ತಿಂಗಳುಗಳು ಉರುಳಲು, 2017ರ ಜನವರಿ 2ರ ಆದೇಶದಂತೆ ಹಿಂದಿನ ವರ್ಷಗಳೂ ಸೇರಿ ಮಿತಿ ಮೀರಿದವರು ಕೂಡಲೇ ಸ್ಥಾನ ಬಿಡಬೇಕಾಯಿತು.

ಇದು ಅನ್ಯಾಯವೆಂಬವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಮಾಡಿದಾಗ ಅಪರಾಧವಲ್ಲದ ಕೃತ್ಯಕ್ಕೆ ಮುಂದೆ ಹುಟ್ಟಿದ ಕಾನೂನಿನಿಂದ ಶಿಕ್ಷೆ ವಿಧಿಸಲಾಗದೆಂದು ಸಂವಿಧಾನದ 20ನೆಯ ವಿಧಿಯೇ ಸಾರುತ್ತದೆ. ಆದರೆ ಪದವಿ ದೊರೆಯದಿರುವುದು ಶಿಕ್ಷೆಯೆ? ಪದವಿಯು ತನ್ನ ಸ್ವತ್ತೆಂದು ಬಗೆದವನಿಗೆ ಮಾತ್ರ ಅದು ಶಿಕ್ಷೆಯಾಗಿ ತೋರೀತು. ಕೆರೆಯ ನೀರಿಗೆ ಹೊಸದಾಗಿ ಸರದಿಯನ್ನು ಕಟ್ಟಿದಾಗ, ಈವರೆಗೆ ಹೆಚ್ಚು ನೀರು ಹಾಯಿಸಿಕೊಂಡವನ ಗದ್ದೆಯಿಂದ ಯಾರೂ ಅದನ್ನು ಹಿಂದೆಗೆಯುವುದಿಲ್ಲ. ಆದರೆ ಮುಂದಿನ ಸರದಿ ಒಣಗಿದ ಗದ್ದೆಗೆ ಹೋಗಬೇಕಾದರೆ ಹಿಂದೆ ಹರಿದ ನೀರನ್ನು ಎಣಿಸಲೇಬೇಕು.

ಅಮೆರಿಕದವರು ಬೇರೊಂದು ದಾರಿ ಹಿಡಿದರು. ಅಧ್ಯಕ್ಷನು ಎರಡಕ್ಕಿಂತ ಹೆಚ್ಚು ಬಾರಿ ಚುನಾಯಿತನಾಗಬಾರದೆಂಬ ತಿದ್ದುಪಡಿಯನ್ನು 1947ರಲ್ಲಿ ಮಂಡಿಸಿ 1951ರಲ್ಲಿ ಅಂಗೀಕರಿಸಿದಾಗ, ಮಂಡನೆಯ ಕಾಲದಲ್ಲಿ ಪದವಿಯಲ್ಲಿದ್ದ ಟ್ರೂಮನ್ನರಿಗೆ ಅದು ಅನ್ವಯಿಸದೆಂದು ಬರೆದರು. ಒಬ್ಬನಿಗೆ ಗುರಿಯಿಟ್ಟ ನಿಯಮವೆಂಬ ಅಪವಾದಕ್ಕೆ ಎಡೆಯಿಲ್ಲವಾಯಿತು. ಟ್ರೂಮನ್ನರು 1952ರ ಚುನಾವಣೆಗೆ ತಾವಾಗಿಯೇ ನಿಲ್ಲಲಿಲ್ಲ. ಈ ಔದಾರ್ಯ ಮೆಚ್ಚತಕ್ಕುದೇ. ಆದರೆ ಎಲ್ಲೆಡೆಯೂ ಇದನ್ನೇ ಅನುಸರಿಸಿದರೆ, ಬಹುಕಾಲ ಪದವಿಯನ್ನು ಹಿಡಿದವನೇ ಮೊದಲಿನಿಂದ ಎಣಿಕೆಯನ್ನು ಆರಂಭಿಸುವನು. ಯಾವ ದೋಷಕ್ಕಾಗಿ ಮಿತಿ ಹುಟ್ಟಿತೋ ಆ ದೋಷಕ್ಕೇ ರಿಯಾಯಿತಿ ದೊರೆತಂತಾಗುವುದು.

ಹೀಗಿದ್ದರೂ ನಡೆಯುತ್ತಿರುವ ಅವಧಿಯನ್ನು ನಡುವೆ ಮುರಿಯಲಾಗದು. ಅದು ಮತದಾರನು ಕೊಟ್ಟ ಮಾತು. 1971ರಲ್ಲಿ ಐದು ವರ್ಷಕ್ಕೆಂದು ಆಯ್ಕೆಗೊಂಡ ಲೋಕಸಭೆಯು 1976ರಲ್ಲಿ ತನ್ನ ಅವಧಿಯನ್ನು ತಾನೇ ಹಿಗ್ಗಿಸಿಕೊಂಡಾಗ, ಮಧು ಲಿಮಯೆ ಮತ್ತು ಶರದ್ ಯಾದವರು ರಾಜೀನಾಮೆಯಿತ್ತು ಹೊರಬಂದರು. ಕೊಟ್ಟ ಅವಧಿಯನ್ನು ಹಿಗ್ಗಿಸುವುದು ಹೇಗೆ ವಚನಭಂಗವೋ ಕುಗ್ಗಿಸುವುದೂ ಹಾಗೆಯೇ. ತೀರ್ಪನ್ನು ತಡೆಹಿಡಿದು ನಿಂತವರಿಗೆ ಮಾತ್ರ ಈ ರಕ್ಷೆಯನ್ನು ಬೇಡುವ ಹಕ್ಕು ಉಳಿಯದು.

ಆದ್ದರಿಂದ ನ್ಯಾಯದ ಕ್ರಮವಿದು: ಇರುವ ಅವಧಿ ಪೂರ್ಣವಾಗಲಿ, ಮುಂದಿನ ಅರ್ಹತೆಗೆ ಹಿಂದಿನ ವರ್ಷಗಳು ಎಣಿಕೆಯಾಗಲಿ, ನಿಯಮವನ್ನು ರಚಿಸಿದವರೂ ಅದಕ್ಕೆ ಒಳಗಾಗಲಿ.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಪದವಿಯನ್ನು ಕಾಯಕವೆಂದು ನಡೆಸಿ, ಕಾಲ ಬಂದಾಗ ಬಿಟ್ಟು ನಡೆದರು. ಕಾಯಕವೆಂದು ಬಗೆದವನಿಗೆ ಪದವಿ ಹೋದರೂ ಕಾಯಕ ಹೋಗುವುದಿಲ್ಲ. ಸ್ವತ್ತೆಂದು ಬಗೆದವನಿಗೆ ಎಷ್ಟು ಅವಧಿ ದೊರೆತರೂ ಸಾಲದು. ಕಳೆದ ವರ್ಷಗಳನ್ನು ಎಣಿಸಬಾರದೆಂದು ವಾದಿಸುವವನು ಆ ವರ್ಷಗಳಲ್ಲಿ ತಾನು ಸೇವೆಗೈದನೋ, ಒಡೆತನ ನಡೆಸಿದನೋ ಎಂದು ಮೊದಲು ತನ್ನ ಅಂತಃಸಾಕ್ಷಿಯನ್ನು ಕೇಳಿಕೊಳ್ಳಲಿ.