ಅರ್ಕಾವತ್ತಿನ ಬೆನ್ನ ಹಿಂದೆ

ವೆಬ್‌ಸೈಟ್ ಮಾಡಿಸಲು ಬರುವವರು ನನ್ನಂಥ ಫ್ರೀಲ್ಯಾನ್ಸರ್‌ನನ್ನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಎಷ್ಟಾಗುತ್ತೆ, ಯಾವಾಗ ಕೊಡ್ತೀರಿ. ಈಚೆಗೆ ಮೂರನೆಯದು ಸೇರಿಕೊಂಡಿದೆ: ‘ಇದಕ್ಕೊಂದು ಎಐ ಹಾಕಬಹುದಾ?’ ಹಾಕಬಹುದು, ಅದಕ್ಕೇನಂತೆ. ಈ ಕಸುಬಿಗೆ ಇಳಿದು ಎರಡು ದಶಕ ದಾಟಿದೆ. ಫ್ಲ್ಯಾಶ್ ಬಂತು, ಮೆರೆಯಿತು, ಹೋಯಿತು. ಹೊಸತೆಂದರೆ ಬಾಯಿ ಬಿಡುವ ವಯಸ್ಸು ನನ್ನದಲ್ಲ. ಆದರೂ ‘ಸೂರ್ಯ’ ಅಂತ ಟೈಪ್ ಮಾಡುವಾಗ ಬೆರಳು ಇವತ್ತಿಗೂ ಒಂದು ಗಳಿಗೆ ತಡೆಯುತ್ತದೆ.

ಕಾರಣ ಅರ್ಕಾವತ್ತು. ನಾಲಿಗೆಯಲ್ಲಿ ‘ರ್’ ಮೊದಲು ಬರುತ್ತದೆ, ‘ಯ’ ಆಮೇಲೆ. ಕೈಬರಹದಲ್ಲಿ ತಿರುಗುಮುರುಗು: ‘ಯ’ ಬರೆದು, ಅದರ ಬಲಕ್ಕೆ ಅರ್ಕಾವತ್ತು ಎಳೆಯುತ್ತೇವೆ. ಕಂಪ್ಯೂಟರ್ ಯಾರ ಮಾತು ಕೇಳಬೇಕು? ಅದು ನಾಲಿಗೆಯ ಮಾತು ಕೇಳುತ್ತದೆ. ಕಡತದೊಳಗೆ ಇರುವುದು ಐದು ಸಂಕೇತ: ಸ, ಊಕಾರದ ಕೊಂಬು, ರ, ವಿರಾಮ, ಯ. ಉಚ್ಚರಿಸಿದ ಕ್ರಮದಲ್ಲೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳನ್ನು ಒಂದೊಂದಾಗಿ ಹುಡುಕಿದರೂ ಅರ್ಕಾವತ್ತು ಸಿಗುವುದಿಲ್ಲ. ‘ಕ್ಕ’ದ ಕೆಳಗಿನ ಒತ್ತೂ ಇಲ್ಲ, ‘ಷ್ಟ್ರ’ ಅಂತೂ ಇಲ್ಲವೇ ಇಲ್ಲ. ಎಲ್ಲೂ ಬರೆದಿಡದ ಈ ಆಕಾರಗಳು ನೀವು ಪುಟ ತೆರೆದಾಗ ನಿಮ್ಮ ಫೋನಿನಲ್ಲೇ ಹೊಸದಾಗಿ ಕೂಡಿಕೊಳ್ಳುತ್ತವೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಆ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಯಾವ ಅಕ್ಷರ ಯಾವುದರಡಿ ಕೂರಬೇಕು, ಯಾವುದು ಬಲಕ್ಕೆ ಸರಿಯಬೇಕು ಅನ್ನುವುದನ್ನು ಅದು ಫಾಂಟಿನ ನಿಯಮ ನೋಡಿಕೊಂಡು ಕ್ಷಣದೊಳಗೆ ತೀರ್ಮಾನಿಸುತ್ತದೆ.

ನಂಬಿಕೆ ಬರದಿದ್ದರೆ ‘ಸೂರ್ಯ’ ಟೈಪ್ ಮಾಡಿ, ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ಕೊನೆಗೆ ಕಾಣುತ್ತಿದ್ದದ್ದು ಅರ್ಕಾವತ್ತು. ಆದರೆ ಅಳಿಯುವುದು ‘ಯ’. ಅರ್ಕಾವತ್ತಾಗಿ ಮೈ ಮುದುಡಿಕೊಂಡಿದ್ದ ರಕಾರ ಮತ್ತೆ ಪೂರ್ತಿ ದೇಹ ಪಡೆದು ‘ಸೂರ್’ ಎಂದು ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿ: ‘ಸೂರ’. ಮತ್ತೊಮ್ಮೆ: ‘ಸೂ’. ಬಿಡುವಿದ್ದಾಗ ನಾನು ಇದನ್ನು ಸುಮ್ಮನೆ ಮಾಡುತ್ತಿರುತ್ತೇನೆ. ಮನೆಯವರು ಕೆಲಸ ನಡೆದಿದೆ ಅಂದುಕೊಳ್ಳುತ್ತಾರೆ.

ಇನ್ನೂ ಒಂದು ಪದರ ಕೆಳಗಿಳಿದರೆ ಬರೀ ಅಂಕಿಗಳು. ‘ಕ’ ಅಂದರೆ 224, 178, 149. ಮೂರು ಬೈಟ್. ಈ ಯುಟಿಎಫ್-8 ವಿಧಾನವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರ್‌ನ ಒಂದು ರಾತ್ರಿ, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ತಟ್ಟೆಯಡಿಯ ಕಾಗದದ ಮೇಲೆ ರೂಪಿಸಿದರು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ನಮಗೆ ಮೂರು ಎಂದು ಗೊಣಗುವವರಿದ್ದಾರೆ. ನಾನೂ ಗೊಣಗಿದ್ದೇನೆ. ಈಗ ಆ ಮೂರು ಅಂಕಿಗಳನ್ನು ಬೇರೆಯೇ ಕಣ್ಣಿಂದ ನೋಡುತ್ತೇನೆ. ನಡುವಿನ 178ರಿಂದ ಎರಡು ಕಳೆಯಿರಿ: 224, 176, 149. ತೆರೆಯ ಮೇಲೆ ತೆಲುಗಿನ ‘ಕ’ ಬಂತು. ಮತ್ತೆರಡು ಕಳೆದರೆ ತಮಿಳಿನದು. 178ಕ್ಕೆ ಎರಡು ಕೂಡಿಸಿದರೆ ಮಲಯಾಳದ್ದು. 164 ಎಂದಿಟ್ಟರೆ ಹಿಂದಿಯದು. ಕೊನೆಯ 149 ಮಾತ್ರ ಎಲ್ಲ ಕಡೆಯೂ ಅದೇ. ಒಂದೇ ಓಣಿಯಲ್ಲಿ ಸಾಲಾಗಿ ಕಟ್ಟಿದ ಮನೆಗಳಲ್ಲಿ ದೇವರಕೋಣೆ ಒಂದೇ ಮೂಲೆಯಲ್ಲಿರುವ ಹಾಗೆ, ಕಕಾರಕ್ಕೆ ಎಲ್ಲರಲ್ಲೂ ಅದೇ ಜಾಗ. ಇದು ಕಾಕತಾಳೀಯವಲ್ಲ. ಬ್ರಾಹ್ಮಿಯಿಂದ ಇಳಿದ ಲಿಪಿಗಳ ವರ್ಣಮಾಲೆ ಒಂದೇ ಜೋಡಣೆಯದೆಂದು ಅರಿತವರು 1988ರ ಇಸ್ಕಿ ಎಂಬ ಭಾರತೀಯ ಸಂಕೇತ ವ್ಯವಸ್ಥೆಯಲ್ಲಿ ಅಕ್ಷರಗಳನ್ನು ಹಾಗೆ ಹೊಂದಿಸಿದ್ದರು. ಯೂನಿಕೋಡ್ ಆ ಕ್ರಮವನ್ನೇ ಎತ್ತಿಕೊಂಡಿತು. ಎರಡು ಸಾವಿರ ವರ್ಷದ ಹಿಂದಿನ ದಾಯಾದಿತನ ನನ್ನ ಡೇಟಾಬೇಸಿನಲ್ಲಿ ಎರಡೆರಡು ಅಂಕಿಯ ಅಂತರದಲ್ಲಿ ಕೂತಿದೆ.

ನಾನು ಕಸುಬು ಶುರುಮಾಡಿದ ಕಾಲದ ಕನ್ನಡ ಪುಟಗಳಲ್ಲಿ ಇದ್ಯಾವುದೂ ಇರಲಿಲ್ಲ. ಆಗ ಇಂಗ್ಲಿಷ್ ಅಕ್ಷರ, ಯುರೋಪಿನ ಚಿಹ್ನೆಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ ಫಾಂಟ್‌ಗಳು. ಫಾಂಟ್ ಇದ್ದವರಿಗೆ ಕನ್ನಡ, ಇಲ್ಲದವರಿಗೆ ಪೌಂಡ್ ಗುರುತುಗಳ ಸಂತೆ. ಗೂಗಲ್ಲಿಗಂತೂ ಅದು ಭಾಷೆಯೇ ಅಲ್ಲ. ಆಗಲೂ ತೆರೆಯ ಮೇಲೆ ‘ಸೂರ್ಯ’ ಚೆಂದವಾಗಿಯೇ ಕಾಣುತ್ತಿತ್ತು, ಒಳಗೆ ಮಾತ್ರ ಸೂರ್ಯನಿರಲಿಲ್ಲ.

ಈಗಿನ ವ್ಯವಸ್ಥೆಯಲ್ಲೂ ತೊಡಕು ಇಲ್ಲದಿಲ್ಲ. ‘ರ‍್ಯಾಲಿ’ ನೋಡಿ. ಇಲ್ಲಿ ರಕಾರ ಅರ್ಕಾವತ್ತಾಗಬಾರದು, ನೆಟ್ಟಗೆ ನಿಂತು ಯಕಾರವನ್ನೇ ಒತ್ತಾಗಿ ಕೆಳಗಿಳಿಸಬೇಕು. ಅದನ್ನು ಕಂಪ್ಯೂಟರಿಗೆ ಹೇಳುವುದು ಒಂದು ಅದೃಶ್ಯ ಸಂಕೇತ. ಅಗಲ ಸೊನ್ನೆ, ಉಚ್ಚಾರವಿಲ್ಲ, ತೆರೆಯಲ್ಲಿ ಕಾಣುವುದೂ ಇಲ್ಲ. ಆದರೂ ಮೂರು ಬೈಟ್ ತಿನ್ನುತ್ತದೆ. ಹೆಸರು ಜೀರೋ ವಿಡ್ತ್ ಜಾಯಿನರ್. ವಾಟ್ಸಾಪಿನಲ್ಲಿ ನೀವು ಕಳಿಸುವ ಅಪ್ಪ-ಅಮ್ಮ-ಮಗಳ ಎಮೋಜಿಯನ್ನು ಹಿಡಿದಿಟ್ಟಿರುವುದೂ ಇದೇ ಸಂಕೇತ. ಗಂಡಸು, ಜಾಯಿನರ್, ಹೆಂಗಸು, ಜಾಯಿನರ್, ಹುಡುಗಿ: ಆಯಿತು ಒಂದು ಕುಟುಂಬ. ಹೆಂಗಸಿನ ಮುಂದೆ ಜಾಯಿನರ್, ಅದರ ಮುಂದೆ ಭತ್ತದ ತೆನೆ ಇಟ್ಟರೆ ರೈತಮಹಿಳೆ.

ಹೊಸಬರು ಬರೆದ ಕೋಡ್ ತಿದ್ದುವಾಗ ಒಂದು ಸಾಲು ಆಗಾಗ ಎದುರಾಗುತ್ತದೆ: ಬಳಕೆದಾರ ಬರೆದದ್ದರಲ್ಲಿ ಕಣ್ಣಿಗೆ ಕಾಣದ ಸಂಕೇತಗಳಿದ್ದರೆ ಕಸವೆಂದು ಗುಡಿಸಿಹಾಕುವ ಸಾಲು. ಭದ್ರತೆಗಾಗಿ ಅನ್ನುತ್ತಾರೆ, ಅವರ ಮಾತೂ ತೀರಾ ಸುಳ್ಳಲ್ಲ. ನಾನು ವಾದಕ್ಕಿಳಿಯುವುದಿಲ್ಲ. ಅವರದೇ ಫಾರ್ಮಿನಲ್ಲಿ ‘ರ‍್ಯಾಲಿ’ ಅಂತ ಬರೆದು, ಪಕ್ಕದಲ್ಲೊಂದು ಕುಟುಂಬ ಇಟ್ಟು, ಸಬ್ಮಿಟ್ ಒತ್ತಿ ಅಂತೇನೆ. ರ‍್ಯಾಲಿಯ ತಲೆಗೆ ಅರ್ಕಾವತ್ತು ಬಡಿದಿರುತ್ತದೆ. ಪಕ್ಕದಲ್ಲಿ ಅಪ್ಪ, ಅಮ್ಮ, ಮಗಳು ಮೂವರೂ ಬೇರೆ ಬೇರೆ.