‘ಸರಿಗೆ ಸರಿ’ಯಾಯಿತೇ?



ಹುಲಗೂರಿನಲ್ಲಿ ಒಂದು ಮುಂಜಾನೆ ಮಕ್ಕಳಿಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯವಾದ ‘ಅಲ್ ಮುತಫ್ಫಿಫೀನ್’ ಕಲಿಸುತ್ತಿದ್ದೆ. ಪಡೆಯುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿಮೆ ಕೊಡುವವರಿಗೆ ಅಲ್ಲಿ ಕಠಿಣ ಎಚ್ಚರಿಕೆಯಿದೆ. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಹಿಂದೆ ಉಳಿದ.

“ಹಜ್ರತ್, ಪೇಟೆಯಲ್ಲಿ ಕ್ವಿಂಟಲಿಗೆ ಎರಡು ಕಿಲೋ ಸೂಟು ಅಂತ ಮುರಿದುಕೊಳ್ಳುತ್ತಾರೆ. ಅದಕ್ಕೇ ಅಬ್ಬಾ ಹತ್ತಿಗೆ ನೀರು ಚಿಮುಕಿಸಿ ಅಂಡಿಗೆ ತುಂಬಿದರು. ಸರಿಗೆ ಸರಿಯಾಯಿತಲ್ಲವೇ?”

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ‘ಹರಾಮ್’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಹುಡುಗ ಕೇಳಿದ್ದು ಲೆಕ್ಕವನ್ನು. ಅಲ್ಲದೆ ಮಗನ ಮುಂದೆ ತಂದೆಯನ್ನು ಹೀನಗೊಳಿಸುವುದೂ ಒಂದು ತಪ್ಪೇ. “ನಾಳೆ ಹೇಳುತ್ತೇನೆ” ಎಂದು ಕಳುಹಿಸಿದೆ.

ಆ ಪ್ರಶ್ನೆ ಆ ಹುಡುಗನೊಬ್ಬನದಲ್ಲ. ಒಂದು ಕೆಲಸವನ್ನು ಒಳ್ಳೆಯದೆಂದು ಅಥವಾ ಕೆಟ್ಟದ್ದೆಂದು ಯಾವುದರಿಂದ ಅಳೆಯಬೇಕು? ನೀತಿಶಾಸ್ತ್ರದ ಮೊದಲ ಪ್ರಶ್ನೆ ಇದು. ಕೆಲವರು ಸಂಕಲ್ಪವನ್ನು ನೋಡುತ್ತಾರೆ, ಕೆಲವರು ಕೆಲಸವನ್ನೇ ನೋಡುತ್ತಾರೆ, ಕೆಲವರು ಫಲವನ್ನು ನೋಡುತ್ತಾರೆ. ಹತ್ತಿಯ ಅಂಡಿಗೆಯನ್ನು ಈ ಮೂರರಲ್ಲೂ ತೂಗೋಣ.

ಮೊದಲನೆಯದು ಸಂಕಲ್ಪ. ಕರ್ಮಗಳ ಬೆಲೆ ನಿಯ್ಯತ್ತಿನ ಮೇಲೆ ನಿಂತಿದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇಮಾಮ್ ಬುಖಾರಿಯವರು ತಮ್ಮ ಗ್ರಂಥವನ್ನು ಆರಂಭಿಸಿದ್ದೇ ಈ ಹದೀಸಿನಿಂದ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಒಬ್ಬ ಅಂಗಡಿಕಾರನ ಉದಾಹರಣೆಯಿದೆ. ಅವನು ಚಿಕ್ಕ ಮಕ್ಕಳಿಗೂ ಮೋಸ ಮಾಡುವುದಿಲ್ಲ, ಆದರೆ ಗಿರಾಕಿ ತಪ್ಪಿಹೋಗಬಾರದೆಂಬುದೇ ಅದಕ್ಕೆ ಕಾರಣ. ಕೆಲಸ ನೇರವಾಗಿದೆ, ಸಂಕಲ್ಪ ಲಾಭದ್ದು. ನಮ್ಮ ರೈತನದು ಇದಕ್ಕೆ ತಿರುವುಮುರುವು. ಮಕ್ಕಳ ಹೊಟ್ಟೆ ತುಂಬಿಸುವ ಸಂಕಲ್ಪ ಒಳ್ಳೆಯದು, ಆದರೆ ಹಿಡಿದ ದಾರಿ ಸೊಟ್ಟ. ಒಳ್ಳೆಯ ನಿಯ್ಯತ್ತು ಹರಾಮನ್ನು ಹಲಾಲ್ ಮಾಡಲಾರದು. ಕದ್ದ ಹಣದಿಂದ ಸದಕಾ ಕೊಟ್ಟವನು ಕಳ್ಳನೇ.

ಎರಡನೆಯದು ಕೆಲಸ. ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈಯಿಟ್ಟರು. ಬೆರಳಿಗೆ ತೇವ ತಗಲಿತು. ಕೇಳಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಸಹೋದರರೇ, ಆ ವ್ಯಾಪಾರಿ ನೀರು ಹಾಕಿರಲಿಲ್ಲ, ನೀರು ಬಿದ್ದದ್ದು ಆಕಾಶದಿಂದ. ಮುಚ್ಚಿಟ್ಟದ್ದೇ ಅವನ ಅಪರಾಧ. ಹಾಗಾದರೆ ಕೈಯಾರೆ ಚಿಮುಕಿಸಿದ ನೀರಿಗೆ ಏನೆನ್ನಬೇಕು?

ಮೂರನೆಯದು ಫಲ. ಸೂಟು ಮುರಿದವನಿಗೇ ಆ ನೀರಿನ ನಷ್ಟ ತಟ್ಟುತ್ತದೆಯೇ? ಇಲ್ಲ. ಹತ್ತಿಯೆಲ್ಲ ಹಸಿಯೆಂದು ಶಂಕಿಸಿ ಅವನು ಮರುದಿನ ಇನ್ನಷ್ಟು ಮುರಿಯುತ್ತಾನೆ. ಆಗ ಒಣ ಹತ್ತಿ ತಂದ ನೆರೆಯ ರೈತನ ಅನ್ನಕ್ಕೂ ಕಲ್ಲು ಬೀಳುತ್ತದೆ. ಅಂದರೆ ಅನ್ಯಾಯ ಮಾಡಿದವನು ಒಬ್ಬ, ದಂಡ ತೆತ್ತವನು ಇನ್ನೊಬ್ಬ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಕುರ್‌ಆನ್ ಐದನೇ ಅಧ್ಯಾಯದಲ್ಲಿ ಆಜ್ಞಾಪಿಸುತ್ತದೆ. ಹೀಗಿರುವಾಗ ನಿರಪರಾಧಿ ನೆರೆಯವನಿಗೆ ಅನ್ಯಾಯವಾದರೆ ಹೇಗೆ?

ಇವಿಷ್ಟೇ ಅಲ್ಲ, ನಾಲ್ಕನೆಯದೊಂದಿದೆ. ಅದು ಮಾಡಿದವನ ಮನಸ್ಸಿನ ಮೇಲೆ ಆಗುವ ಪರಿಣಾಮ. ಹಿಜರಿ 505ರಲ್ಲಿ, ಅಂದರೆ ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ‘ಇಹ್ಯಾಉ ಉಲೂಮಿದ್ದೀನ್’ನಲ್ಲಿ ‘ಖುಲ್ಕ್’ ಎಂದರೇನೆಂದು ವಿವರಿಸಿದ್ದಾರೆ. ಯೋಚಿಸದೆಯೇ ಸಲೀಸಾಗಿ ಕೆಲಸ ಹೊರಡುವಂತೆ ಆತ್ಮದಲ್ಲಿ ಬೇರೂರಿದ ಸ್ಥಿತಿಯೇ ಸ್ವಭಾವ ಎಂಬುದು ಅವರ ಮಾತಿನ ತಾತ್ಪರ್ಯ. ಮೊದಲ ಸಲ ನೀರು ಚಿಮುಕಿಸುವ ಕೈ ನಡುಗುತ್ತದೆ, ಹತ್ತನೆಯ ಸಲ ನಡುಗುವುದಿಲ್ಲ. ಆಮೇಲೆ ಅದೇ ಸ್ವಭಾವ. ಪಕ್ಕದಲ್ಲಿ ಅಂಡಿಗೆಯ ಬಾಯಿ ಹಿಡಿದು ನಿಂತ ಮಗನಿಗೂ ಅದೇ ಪಾಠ.

ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಬಿ.ಎ. ತರಗತಿಯಲ್ಲಿ ಓದಿದ್ದೆ. ಯಾರು ಮೇಲೆಂದು ಭತ್ತ ಮತ್ತು ರಾಗಿ ಜಗಳವಾಡುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಹೊರಬಂದಾಗ ಭತ್ತ ಸತ್ವಗುಂದಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಮನುಷ್ಯನ ಸತ್ವವೂ ಹೀಗೆ ಯಾರೂ ನೋಡದ ಕತ್ತಲಲ್ಲಿ ತಿಳಿಯುತ್ತದೆ.

ಅಂದು ಇಶಾ ನಮಾಝಿನ ನಂತರ ಆ ತಂದೆಯನ್ನು ಕಂಡೆ. ಅವರು ಸಿಟ್ಟಾಗಲಿಲ್ಲ. “ಮೌಲಾನಾ ಸಾಹೇಬ್ರ, ನಿಮಗ ತಿಂಗಳಾ ಪಗಾರ ಬರತೈತಿ. ನಾವು ಮಳಿ ನೋಡ್ಕೋಂತ ಕುಂದರಬೇಕು” ಎಂದರು. ಆ ಮಾತು ನಾಟಿತು. ಎಷ್ಟೋ ದಿನ ನಾನು ತಡವಾಗಿ ಪಾಠಕ್ಕೆ ಹೋಗಿಯೂ ಪಗಾರ ಪೂರ್ತಿ ಎಣಿಸಿಕೊಂಡಿದ್ದೆ. ಮಕ್ಕಳ ಸಮಯದಲ್ಲಿ ನಾನು ಮುರಿದುಕೊಂಡ ಸೂಟು ಅದು. ಅದನ್ನು ಅವರ ಮುಂದೆಯೇ ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ, “ಹುಡುಗಗ ಖರೇ ಇದ್ದದ್ದ ಹೇಳ್ರಿ” ಎಂದರು. ಅವರ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಇದನ್ನು ಬರೆಯುತ್ತಿದ್ದೇನೆ.

ಹಾಗಾದರೆ ಅನ್ಯಾಯವನ್ನು ಸಹಿಸಿ ಸುಮ್ಮನಿರಬೇಕೇ? ಖಂಡಿತ ಇಲ್ಲ. ತೂಕದ ಮುಂದೆ ನಿಂತು ನೋಡಿ, ಪಟ್ಟಿ ಕೇಳಿ ಪಡೆಯಿರಿ, ನಾಲ್ಕಾರು ರೈತರು ಜೊತೆಯಾಗಿ ಮಾರುಕಟ್ಟೆ ಸಮಿತಿಗೆ ದೂರು ಕೊಡಿ. ಹಕ್ಕನ್ನು ಬಾಯಿಬಿಟ್ಟು ಕೇಳುವುದು ಧರ್ಮ, ಕತ್ತಲಲ್ಲಿ ನೀರು ಚಿಮುಕಿಸುವುದು ಅಧರ್ಮ. ಮನುಷ್ಯರ ಹಕ್ಕಿನ ಬಾಕಿಯನ್ನು ಆ ಮನುಷ್ಯರಿಗೇ ತೀರಿಸಬೇಕು, ಬರೀ ನಮಾಝ್ ಉಪವಾಸಗಳಿಂದ ಅದು ಅಳಿಯದು ಎಂಬುದನ್ನು ಮರೆಯದಿರೋಣ.

ಮರುದಿನ ಹುಡುಗನಿಗೆ ಹೇಳಿದೆ: “ಮಗಾ, ಎರಡು ತಪ್ಪು ಕೂಡಿದರೆ ಸರಿಗೆ ಸರಿಯಾಗುವುದಿಲ್ಲ, ಎರಡು ತಪ್ಪೇ ಆಗುತ್ತದೆ.” ಅವನು ತಲೆಯಾಡಿಸಿ, “ಅಬ್ಬಾನೂ ಹಂಗೇ ಅಂದರು” ಎಂದ.

ನಮ್ಮ ಸಂಕಲ್ಪವನ್ನೂ ತಕ್ಕಡಿಯನ್ನೂ ಅಲ್ಲಾಹನು ನೇರವಾಗಿಡಲಿ. ಆಮೀನ್.